ಮೂರನೇ ಎಂಜಿನ್ ಕೂರಿಸುವ ಮುಂಚೆ

ಕೊಟ್ಟೂರು
ಮಾರ್ಚ್ 20, 2025, ಗುರುವಾರ

ನೀಲಗುಂದದ ರಸ್ತೆಯ ಮೆಕ್ಕೆಜೋಳದ ಗೋದಾಮಿನಲ್ಲಿ ವಿಮಾನ ಕಟ್ಟುತ್ತಿರುವ ನನ್ನ ಯಜಮಾನರಿಗೆ, ಕೊಟ್ಟೂರಿನ ಲೇತ್ ಅಂಗಡಿಯಿಂದ ಪುಷ್ಪಲತಾ ಮಾಡುವ ನಮಸ್ಕಾರ.

ಇಲ್ಲಿ ನಾನೂ ಅಪ್ಪನೂ ಕ್ಷೇಮ. ಅಲ್ಲಿಯ ಕ್ಷೇಮ ನನಗೆ ಪೂರ್ತಿ ತಿಳಿದಿದೆ. ಕಾರ್ಬ್ಯುರೇಟರ್ ಕ್ಷೇಮ, ಗೇರ್‌ಬಾಕ್ಸ್ ಕ್ಷೇಮ, ರೆಕ್ಕೆಯ ಬಟ್ಟೆ ಕ್ಷೇಮ. ನಿಮ್ಮ ನಾಲ್ಕು ಪುಟದ ಪತ್ರದಲ್ಲಿ ಎಲ್ಲರ ಯೋಗಕ್ಷೇಮವೂ ಇತ್ತು, ಮನುಷ್ಯರದು ಮಾತ್ರ ಇರಲಿಲ್ಲ. ನಿಮ್ಮ ಮಂಡಿನೋವು ಹೇಗಿದೆ, ಅತ್ತೆ ಹೇಗಿದ್ದಾರೆ, ಏಳು ತಿಂಗಳಿಂದ ತವರಿನಲ್ಲಿ ಕೂತ ಹೆಂಡತಿ ಉಂಡಳೋ ಬಿಟ್ಟಳೋ, ಇದಕ್ಕೆ ಒಂದು ಸಾಲಿನ ಜಾಗ ಸಿಗಲಿಲ್ಲ ನಿಮಗೆ.

ನಿಮ್ಮ ನಂಬರನ್ನು ಬ್ಲಾಕ್ ಮಾಡಿದವಳು ನಾನೇ. ಅದಕ್ಕೇ ನೀವು ಕಾಗದ ಬರೆದು ಹಿರೇಹಡಗಲಿಯ ಬಡಿಗೇರ ಕೊಟ್ರಬಸಪ್ಪನ ಕೈಯಲ್ಲಿ ಕಳಿಸಿದ್ದೀರಿ. ಒಳ್ಳೆಯದೇ ಆಯಿತು ಬಿಡಿ. ಫೋನಿನಲ್ಲಾದರೆ ನನ್ನ ಮೊದಲ ಮಾತಿಗೇ ನೀವು ಬಾಯಿ ಹಾಕುತ್ತೀರಿ. ಕಾಗದದಲ್ಲಿ ಆ ಸೌಲಭ್ಯ ಇಲ್ಲ, ಕೊನೆಯವರೆಗೂ ಓದಲೇಬೇಕು. ದಯವಿಟ್ಟು ಕೊನೆಯವರೆಗೂ ಓದಿ. ನಡುವೆ ಸಿಟ್ಟು ಬಂದು ಮಡಚಿ ಜೇಬಿಗಿಟ್ಟರೆ ನಿಮಗೆ ನಿಮ್ಮ ವಿಮಾನದ ಆಣೆ.

ನೀವು ಕೇಳಿದ್ದು ಹನ್ನೊಂದು ಪ್ರಶ್ನೆ. ಯಾವ ಎಂಜಿನ್ ಒಳ್ಳೆಯದು, ಎಷ್ಟು ಭಾರ ತಡೆದೀತು, ನಿಮಿಷಕ್ಕೆ ಎಷ್ಟು ಸುತ್ತು ತಿರುಗಿದರೆ ವಿಮಾನದ ಮೂಗಿಗೆ ಎಷ್ಟು ಇಂಚಿನ ಪಂಖ ಬೇಕು. ಕೊನೆಯ ಪ್ರಶ್ನೆಯ ಕೆಳಗೆ ಎರಡು ಗೆರೆ ಎಳೆದಿದ್ದೀರಿ: ಎಂಜಿನ್ನಿಗೂ ಪಂಖಕ್ಕೂ ನಡುವೆ ಕೂರುವ ಉಕ್ಕಿನ ಫ್ಲ್ಯಾಂಜ್ ಮೂರನೇ ಬಾರಿಗೆ ಮಾಡಿಕೊಡುತ್ತೀಯೋ ಇಲ್ಲವೋ? ಯುಗಾದಿಗೆ ಹಾರಿಸುವವನಿದ್ದೇನೆ, ಪರವಾನಗಿಯ ಕಾಗದವೂ ಬಂತು, ಬೇಗ ಹೇಳು ಅಂತ ಬೇರೆ. ಯುಗಾದಿಗೆ ಇನ್ನು ಹತ್ತೇ ದಿನ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುವುದನ್ನು ನೀವು ಗೋಡೆಯ ಮೇಲೆ ಬರೆದುಕೊಳ್ಳಬೇಕು.

ಇಪ್ಪತ್ತು ವರ್ಷ ವಾಯುಪಡೆಯಲ್ಲಿ ರೆಕ್ಕೆ ಬಾಲಗಳ ರಿಪೇರಿ ಮಾಡಿದವರು ನೀವು. ರೆಕ್ಕೆ ಬಾಲದ ವಿಷಯದಲ್ಲಿ ನಿಮ್ಮನ್ನು ಮೀರಿಸುವವರು ಈ ಸೀಮೆಯಲ್ಲಿಲ್ಲ, ಒಪ್ಪಿದೆ. ಆದರೆ ತಿರುಗುವ ವಸ್ತುವಿನ ವಿಷಯ ಬಂದರೆ ನಾನು ಹದಿನೇಳನೇ ವಯಸ್ಸಿನಿಂದ ಅಪ್ಪನ ಲೇತಿನ ಮುಂದೆ ನಿಂತವಳು. ಕೂಡ್ಲಿಗಿಯಿಂದ ಹಡಗಲಿಯವರೆಗೆ ಎಷ್ಟು ಬೋರಿನ ಪಂಪುಗಳ ಒಳಗೆ ತಿರುಗುವ ಇಂಪೆಲ್ಲರುಗಳನ್ನು ಬ್ಯಾಲೆನ್ಸ್ ಮಾಡಿದ್ದೇನೆ ಎಂಬ ಲೆಕ್ಕ ನನಗೇ ಇಲ್ಲ. ಮದುವೆಗೆ ಮುಂಚೆ ಇದನ್ನೆಲ್ಲ ಕೇಳಿ ನೀವೇ ಹಿರಿಹಿರಿ ಹಿಗ್ಗಿದ್ದಿರಿ. ಈಗ ಮರೆತಿದ್ದೀರಿ. ಅದಕ್ಕೆ ಮೊದಲಿನಿಂದ ಹೇಳುತ್ತೇನೆ.

ಮೊದಲು ತಂದದ್ದು ಗುಜರಿಯ ದೊಡ್ಡ ಬೈಕಿನ ಎಂಜಿನ್, ಒಂದೇ ಸಿಲಿಂಡರಿನದು. ನಾನು ಫ್ಲ್ಯಾಂಜ್ ಮಾಡಿಕೊಟ್ಟೆ, ಕೊಟ್ರಬಸಪ್ಪ ಪಂಖ ಕೆತ್ತಿಕೊಟ್ಟ. ಬಾಲವನ್ನು ಬೇವಿನ ಮರಕ್ಕೆ ಕಟ್ಟಿ ಓಡಿಸಿದಿರಿ. ಬೆಂಚಿನ ಮೇಲಿದ್ದ ನಿಮ್ಮ ಚಹಾದ ಲೋಟ ತಾನೇ ನಡೆದುಕೊಂಡು ಹೋಗಿ ಕೆಳಗೆ ಬಿತ್ತು. ಒಂಟಿ ಸಿಲಿಂಡರಿಗೆ ನಡುಕ ಹುಟ್ಟುಗುಣ ಎಂದಿರಿ. ನಾನೂ ಹೂಂ ಅಂದೆ. ಆಗ ಅದು ಸುಳ್ಳೂ ಅನಿಸಿರಲಿಲ್ಲ.

ಆಮೇಲೆ ಹಳೆಯ ವ್ಯಾನಿನ ಮೂರು ಸಿಲಿಂಡರಿನ ಎಂಜಿನ್ ಬಂತು. ಎಂಥ ಬಂಗಾರದಂಥ ಎಂಜಿನ್ ಅದು! ಪಂಖ ಹಾಕದೆ ಓಡಿಸಿ, ಅದರ ತಲೆಯ ಮೇಲೆ ರೂಪಾಯಿ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿ ಓಣಿಯವರಿಗೆಲ್ಲ ತೋರಿಸಿದ್ದಿರಿ. ನಾಣ್ಯ ಬೀಳಲಿಲ್ಲ. ಅದಕ್ಕೆ ಬೇರೆ ಅಳತೆಯ ಹೊಸ ಫ್ಲ್ಯಾಂಜ್ ಮಾಡಿಕೊಟ್ಟೆ. ಕಳೆದ ಆಗಸ್ಟ್ ಹದಿನೈದಕ್ಕೆ ಅದೇ ಪಂಖ ಕೂರಿಸಿ, ಜನ ಸೇರಿಸಿ ಓಡಿಸಿದಿರಿ. ನಾಣ್ಯದ ಮಾತು ಹಾಗಿರಲಿ, ಬೋಲ್ಟುಗಳೇ ಸಡಿಲಾದವು. ರೆಕ್ಕೆಯ ಪೈಪು ಗಡಗಡ ಅಂತು. ಅದೇ ನಡುಕ, ಅದೇ ಲಯ.

ಎಂಜಿನ್ ಆರಿಸಿದಿರಿ. ಜನ ನಿಮ್ಮನ್ನೇ ನೋಡುತ್ತಿದ್ದರು. ನೀವು ನನ್ನ ಕಡೆ ತಿರುಗಿ ಅಂದಿರಿ:

"ಲೇತಿಂದೇ ತಪ್ಪು ಇದು. ಹೆಣ್ಮಕ್ಕಳ ಕೈಯಾಗ ಕಬ್ಬಿಣ ಕೊಟ್ಟರ ಹಿಂಗ ಆಗತೈತಿ."

ಹುಲುಗಣ್ಣ ನಕ್ಕರು. ಹರಪನಹಳ್ಳಿಯಲ್ಲಿ ಟ್ರ್ಯಾಕ್ಟರಿನ ಸಾಮಾನು ಮಾರಿಕೊಂಡು, ಮೊಬೈಲಿನಲ್ಲಿ ವಿಡಿಯೊ ನೋಡಿ ನಿಮಗೆ ವಿಮಾನಶಾಸ್ತ್ರ ಹೇಳುವ ಆ ನಿಮ್ಮ ಸ್ನೇಹಿತ ಹಲ್ಲು ಕಿರಿದು ನಕ್ಕರು. ನಾನು ಅವತ್ತು ನಾಲ್ಕು ಗಂಟೆಯ ಬಸ್ಸಿಗೆ ಕೊಟ್ಟೂರಿಗೆ ಬಂದೆ. ಬರುವಾಗ ಆ ಫ್ಲ್ಯಾಂಜನ್ನು ಬಿಚ್ಚಿ ಸೀರೆಗಳ ನಡುವೆ ಸುತ್ತಿಕೊಂಡು ತಂದೆ. ಒಡವೆ ಬಿಟ್ಟು ಬಂದೆ, ಫ್ಲ್ಯಾಂಜ್ ಬಿಟ್ಟು ಬರಲಿಲ್ಲ.

ಮರುದಿನವೇ ಅದನ್ನು ಲೇತಿಗೆ ಕಟ್ಟಿ, ಓರೆ ಇದ್ದರೆ ತೋರಿಸುವ ಡಯಲ್ ಗೇಜ್ ಹಚ್ಚಿ ತಿರುಗಿಸಿದೆ. ಮುಳ್ಳು ಅಲುಗಲಿಲ್ಲ. ನನ್ನ ಕಣ್ಣಿನ ಮೇಲೆ ನನಗೇ ನಂಬಿಕೆ ಹೋಗಿ ಅಪ್ಪನನ್ನು ಕರೆದೆ. ಅಪ್ಪ ಕನ್ನಡಕ ಒರೆಸಿಕೊಂಡು ಮೂರು ಸಲ ನೋಡಿದರು. ಇದರಲ್ಲಿ ಕೂದಲಷ್ಟೂ ತಪ್ಪಿಲ್ಲ ಎಂದರು. ಆಮೇಲೆ ನನ್ನ ಮುಖ ನೋಡಿ, ಸಿಟ್ಟು ಲೇತಿನ ಮೇಲೆ ಹಾಕಬೇಡ, ಟೂಲ್ ಮುರಿಯುತ್ತದೆ ಎಂದರು. ಆ ವಾರ ಎರಡು ಟೂಲ್ ಮುರಿದೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೀವು ಎಂಜಿನ್ ಡೊಂಕು ಅಂದಿರಿ, ಫ್ಲ್ಯಾಂಜ್ ಡೊಂಕು ಅಂದಿರಿ, ಹೆಂಡತಿಯ ಕೈ ಡೊಂಕು ಅಂದಿರಿ. ಎಂಜಿನ್ ಬದಲಾಯಿತು, ಫ್ಲ್ಯಾಂಜ್ ಬದಲಾಯಿತು, ನಡುಕ ಬದಲಾಗಲಿಲ್ಲ. ಬದಲಾಗದೆ ಉಳಿದ ಸಾಮಾನು ಯಾವುದು? ಇದು ಕೇಳಬೇಕಾದ ಪ್ರಶ್ನೆ. ನಿಮ್ಮ ಹನ್ನೊಂದರಲ್ಲಿ ಇದೊಂದು ಇಲ್ಲ.

ಅದು ಹೋಗಲಿ, ಈಗ ಮೂರನೆಯದಕ್ಕೆ ಬರುತ್ತೇನೆ. ಹೈದರಾಬಾದಿನಿಂದ ಬಂದಿದೆಯಂತೆ, ನಾಲ್ಕು ಸಿಲಿಂಡರಂತೆ, ಎಂಬತ್ತು ಕುದುರೆಯ ಬಲವಂತೆ, ನಿಜವಾದ ವಿಮಾನದ್ದೇ ಅಂತೆ. ಒಳ್ಳೆಯ ಎಂಜಿನ್ನೇ ಇರಬಹುದು, ನಾನು ಹೆಸರಿಡುವುದಿಲ್ಲ. ಆದರೆ ಯಾರಿಗೆ ಒಳ್ಳೆಯದು? ಸಂತೆಯಲ್ಲಿ ಎತ್ತು ಕೊಳ್ಳುವವನು ಕೂಡ ಮನೆಯಲ್ಲಿರುವ ಒಂಟಿ ಎತ್ತಿನ ಎತ್ತರ ನೋಡಿಕೊಂಡು ಜೋಡಿ ತರುತ್ತಾನೆ. ದೊಡ್ಡದು ಕಂಡಿತೆಂದು ಹಗ್ಗ ಹಿಡಿಯುವುದಿಲ್ಲ. ಆ ಎಂಜಿನ್ನಿನ ಬಲಕ್ಕೆ ಅರವತ್ತೆಂಟು ಇಂಚಿನ ಪಂಖ ಬೇಕು. ನಮ್ಮದು ಐವತ್ತೆಂಟು. ಚಿಕ್ಕ ಪಂಖ ಹಾಕಿದರೆ ಎಂಜಿನ್ ಸುಮ್ಮನೆ ಕಿರುಚುತ್ತದೆ, ಗಾಳಿ ಹಿಡಿಯುವುದಿಲ್ಲ. ಅರವತ್ತೆಂಟರದು ಹಾಕಿದರೆ ನೆಲಕ್ಕೂ ಅದರ ತುದಿಗೂ ನಡುವೆ ಉಳಿಯುವುದು ನಾಲ್ಕು ಬೆರಳು. ನೀವು ಓಡಿಸುವುದು ಕೆರೆಯಂಗಳದಲ್ಲಿ, ಒಂದು ಒಣ ಹೆಂಟೆ ಸಾಕು ಪಂಖ ಸಿಗಿಯಲಿಕ್ಕೆ.

ಇನ್ನು ಭಾರ. ನಮ್ಮ ಮೂಗು ತಾಳುವುದು ಅರವತ್ತು ಕೇಜಿ ಎಂದು ಲೆಕ್ಕ ಹಾಕಿದವರು ನೀವೇ. ಇದು ಎಂಬತ್ತು. ಮೂಗು ಬಗ್ಗಿದರೆ ಬಾಲಕ್ಕೆ ಮರಳಿನ ಚೀಲ ಕಟ್ಟುತ್ತೇನೆ ಎಂದು ಬರೆದಿದ್ದೀರಿ. ಎರಡೂ ಕಡೆ ಚೀಲ ಹೊರಿಸಿ ಹಾರಿಸುವುದಾದರೆ ಕತ್ತೆಗೇ ರೆಕ್ಕೆ ಕಟ್ಟಬಹುದಿತ್ತು, ಆರು ವರ್ಷ ಉಳಿಯುತ್ತಿತ್ತು.

ಹಾಗಾದರೆ ಯಾವುದು ಎಂದು ಕೇಳುತ್ತೀರಿ. ಮೂಲೆಯಲ್ಲಿ ಟಾರ್ಪಾಲಿನ ಕೆಳಗೆ ಇಟ್ಟಿದ್ದೀರಲ್ಲ, ಆ ವ್ಯಾನಿನ ಎಂಜಿನ್. ಅದರ ಮೇಲೆ ಅತ್ತೆಯ ಕೋಳಿ ಮೊಟ್ಟೆ ಇಡುತ್ತಿದೆ ಎಂದು ಕೊಟ್ರಬಸಪ್ಪ ಹೇಳಿದ. ಕೋಳಿಗೆ ಗೊತ್ತಾಗಿದೆ ಅದು ಅಲುಗದ ಎಂಜಿನ್ ಅಂತ, ನಿಮಗೆ ಗೊತ್ತಾಗಿಲ್ಲ. ಭಾರ ಸರಿ, ಬಲ ಸರಿ, ಸುತ್ತು ಇಳಿಸುವ ಬೆಲ್ಟಿನ ಗಾಲಿಗಳು ಸರಿ, ಐವತ್ತೆಂಟು ಇಂಚಿನ ಪಂಖಕ್ಕೆ ಹೇಳಿ ಮಾಡಿಸಿದ ಹಾಗಿದೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದವರು ನೀವು, ಹೈದರಾಬಾದಿನವರೆಗೂ ಹೋಗಿ ಹುಡುಕಿದಿರಿ.

ಅದರ ಫ್ಲ್ಯಾಂಜನ್ನು ಕೊಟ್ರಬಸಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ. ಹೊಸದಲ್ಲ, ಅದೇ. ಅದರ ಹಿಂಬದಿಯಲ್ಲಿ ಗೇಜಿನ ಅಳತೆ ಕೊರೆದಿದ್ದೇನೆ. ಹುಲುಗಣ್ಣನಿಗೂ ತೋರಿಸಿ.

ಈಗ ಮುಖ್ಯವಾದದ್ದು. ಅದನ್ನು ಕೂರಿಸುವ ಮುಂಚೆ ಪಂಖವನ್ನು ಇನ್ನೊಂದು ಸಲ ತೂಗಬೇಕು.

ನೀವು ಪತ್ರದಲ್ಲಿ ಮೊದಲೇ ಬೇಲಿ ಹಾಕಿದ್ದೀರಿ, ಪಂಖದ ಮಾತು ಎತ್ತಬೇಡ, ಇಡೀ ವಿಮಾನದಲ್ಲಿ ಅದೊಂದೇ ಪಕ್ಕಾ ಅಂತ. ನನಗೆ ನೆನಪಿದೆ. ಕೊಟ್ರಬಸಪ್ಪ ನೊಗ ತೂಗುವಂತೆ ನಡುವಿಗೆ ದಾರ ಕಟ್ಟಿ ಹುಣಸೆಯ ಕೊಂಬೆಗೆ ಇಳಿಬಿಟ್ಟು ತೂಗಿದ. ನಿಮಗೆ ಅದು ಸಾಲದೆ ಗೋದಾಮಿನ ಬಾಗಿಲು ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಎರಡು ಉಕ್ಕಿನ ಅಂಚುಗಳ ಮೇಲೆ ಇಟ್ಟು ಮೂರು ದಿನ ತೂಗಿದಿರಿ. ಭಾರ ಕಂಡ ಕಡೆ ಗಾಜಿನ ಚೂರಿನಿಂದ ಹೆರೆದು ಹೆರೆದು, ನಮ್ಮನ್ನು ಉಸಿರಾಡಲೂ ಬಿಡಲಿಲ್ಲ. ಸರಿಬಂದ ಮೇಲೆ ಮಾರ್ಕರ್ ಪೆನ್ನಿನಲ್ಲಿ ಪಂಖದ ಎರಡು ಎಲೆಗಳಲ್ಲಿ ಒಂದರ ಮೇಲೆ ಬರೆದಿರಿ: "ಬ್ಯಾಲೆನ್ಸ್ ಸರಿ ಇದೆ. ಪಾಲಾಕ್ಷಪ್ಪ." ಸಹಿಯ ಕೆಳಗೆ ಗೆರೆ, ಗೆರೆಯ ಕೆಳಗೆ ನೀವು ಯಾವಾಗಲೂ ಇಡುವ ಎರಡು ಚುಕ್ಕೆ. ಅವತ್ತಿನಿಂದ ಆ ಪಂಖ ದೇವರಾಯಿತು, ಯಾರೂ ಮುಟ್ಟುವ ಹಾಗಿಲ್ಲ.

ನಾನು ಕೇಳಿಕೊಳ್ಳುತ್ತೇನೆ, ತೂಗಿ. ಯಾಕೆ ಎಂದು ಕೇಳಬೇಡಿ. ಮರ ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ ಅಂದುಕೊಳ್ಳಿ. ವಾರ್ನಿಷ್ ಒಂದು ಕಡೆ ದಪ್ಪ ಆಗಿರಬಹುದು ಅಂದುಕೊಳ್ಳಿ. ಏನಾದರೂ ಅಂದುಕೊಳ್ಳಿ. ನನ್ನ ತಪ್ಪೆಂದೇ ಅಂದುಕೊಂಡು ತೂಗಿದರೂ ಸರಿ. ಆದರೆ ಆ ನಡುಗುವ ಪಂಖವನ್ನು ಎಂಬತ್ತು ಕುದುರೆಯ ಎಂಜಿನ್ನಿಗೆ ಕಟ್ಟಿಕೊಂಡು ನೀವು ನೆಲ ಬಿಡಬಾರದು. ನೆಲದ ಮೇಲೆ ಬೋಲ್ಟ್ ಸಡಿಲಾದರೆ ಸ್ಪ್ಯಾನರ್ ಇದೆ. ಮೇಲೆ ಏನಿದೆ? ನನಗೆ ನಿಮ್ಮ ಮೇಲೆ ಬೆಟ್ಟದಷ್ಟು ಸಿಟ್ಟಿದೆ, ಇಲ್ಲವೆನ್ನುವುದಿಲ್ಲ. ಭಯ ಅದಕ್ಕಿಂತ ದೊಡ್ಡದು. ಈ ಏಳು ತಿಂಗಳು ಸಿಟ್ಟನ್ನೇ ಹೊದ್ದುಕೊಂಡು ಭಯವನ್ನು ಮುಚ್ಚಿಕೊಂಡಿದ್ದೆ. ನಿಮ್ಮ ಪತ್ರದಲ್ಲಿ ಯುಗಾದಿ ಎನ್ನುವ ಮಾತು ಓದಿದಾಗಿನಿಂದ ಕೆಲಸದಲ್ಲಿ ಕೈ ಓಡುತ್ತಿಲ್ಲ.

ಚಂದನಾ ದಾವಣಗೆರೆಯ ಹಾಸ್ಟೆಲಿನಿಂದ ಫೋನ್ ಮಾಡಿದ್ದಳು. ಹಬ್ಬಕ್ಕೆ ಯಾವ ಮನೆಗೆ ಬರಲಿ, ಅವ್ವನ ಮನೆಗೋ ಅಪ್ಪನ ಮನೆಗೋ ಎಂದು ಕೇಳಿದಳು. ಹತ್ತೊಂಬತ್ತು ವರ್ಷದ ಮಗಳ ಕೈಲಿ ಇಂಥ ಪ್ರಶ್ನೆ ಕೇಳಿಸಿಕೊಂಡೆ. ಆಮೇಲೆ ಹೇಳುತ್ತೇನೆ ಎಂದು ಇಟ್ಟುಬಿಟ್ಟೆ.

ಹೆಚ್ಚಿಗೆ ಬರೆಯುವುದಿಲ್ಲ. ಕೊಟ್ರಬಸಪ್ಪ ಹೊರಗೆ ಚಹಾ ಕುಡಿಯುತ್ತ ಬಸ್ಸಿನ ಹೊತ್ತು ನೋಡುತ್ತಿದ್ದಾನೆ. ಅತ್ತೆಗೆ ನನ್ನ ನಮಸ್ಕಾರ ತಿಳಿಸಿ. ಮಂಡಿಗೆ ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಿಕೊಳ್ಳಿ, ಗ್ರೀಸ್ ಹಚ್ಚಬೇಡಿ.

ಇಂತಿ,
ತಿರುಗುವ ವಸ್ತುಗಳನ್ನು ಬಲ್ಲ ನಿಮ್ಮ ಹೆಂಡತಿ
ಪುಷ್ಪಲತಾ

ತಾ.ಕ.: ಮೇಲೆ ಸಹಿ ಮಾಡಿ ಕವರಿಗೆ ಅಂಟು ಹಚ್ಚಿಬಿಟ್ಟಿದ್ದೆ. ಕೊಟ್ರಬಸಪ್ಪ ಅದನ್ನು ತೆಗೆದುಕೊಳ್ಳುವಾಗ, ತಾನಾಗಿಯೇ, ಮುಖ ಸಣ್ಣದು ಮಾಡಿಕೊಂಡು ಒಂದು ಮಾತಂದ:

"ಯವ್ವಾ, ಸಾಹೇಬ್ರು ಈಗ ನನ್ನ ಮ್ಯಾಲೂ ಗುಮಾನಿ ಹಿಡದಾರ. ನಾ ಕೆತ್ತಿದ ಮರ ಸುಳ್ಳು ಹೇಳಂಗಿಲ್ಲವ್ವ."

ಅವನ ಮರ ಸುಳ್ಳು ಹೇಳುವುದಿಲ್ಲ. ಸುಳ್ಳು ಹೇಳಿದವಳು ನಾನು. ಅವನನ್ನು ಕೂರಿಸಿ ಇನ್ನೊಂದು ಚಹಾ ಹೇಳಿ, ಕವರು ಹರಿದು ಇದನ್ನು ಬರೆಯುತ್ತಿದ್ದೇನೆ.

ಹೋದದ್ದರ ಹಿಂದಿನ ಆಯುಧಪೂಜೆಯ ಬೆಳಿಗ್ಗೆ, ಮೊದಲ ಎಂಜಿನ್ ಓಡಿಸುವುದಕ್ಕೂ ಮುಂಚೆ, ನೀವು ಚೆಂಡುಹೂ ತರಲು ಪೇಟೆಗೆ ಹೋಗಿದ್ದಿರಿ. ಅತ್ತೆ ನನ್ನನ್ನು ಪಂಖದ ಮುಂದೆ ಕರೆದುಕೊಂಡು ಹೋಗಿ, ನಿಮ್ಮ ಮನೆತನದ ಪದ್ಧತಿ ಹೇಳಿದರು. ಹೊಸ ಬಂಡಿ ಮಾಡಿಸಿದರೆ ಗಾಲಿಯ ನಡುವಿನ ಗುಂಬದಲ್ಲಿ ಸೊಸೆಯ ಮೈಮೇಲಿನ ಚಿನ್ನ ಗುಲಗಂಜಿಯಷ್ಟಾದರೂ ಇಟ್ಟು ಮುಚ್ಚಿಸುತ್ತಿದ್ದರಂತೆ.

"ಸೊಸಿ ಚಿನ್ನ ಗಾಲಿಯಾಗ ಇದ್ದರ, ಹೋದವರು ಸಂಜೀಗೆ ಮನಿಗೆ ಬರತಾರ," ಎಂದರು.

ನಾನು ಲೇತಿನವಳು. ಬಂಡಿಯ ಗುಂಬದಲ್ಲಿ ಇಟ್ಟರೆ ಅದು ನಡುವಿನಲ್ಲಿರುತ್ತದೆ, ಏನೂ ಆಗುವುದಿಲ್ಲ. ಪಂಖದ ನಡುವಿನಲ್ಲಿ ಇಡಲು ಜಾಗವಿರಲಿಲ್ಲ, ಅಲ್ಲಿ ಆರು ಬೋಲ್ಟು, ದಿನಾ ನಿಮ್ಮ ಕಣ್ಣು ಅಲ್ಲೇ. ನೀವು ನೋಡಿದರೆ ನಗುತ್ತಿದ್ದಿರಿ, ತೆಗೆಸುತ್ತಿದ್ದಿರಿ. ಅತ್ತೆಗೆ ಆಗುವುದಿಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಯಾಕೆಂದರೆ ಅವರು ಆ ಮಾತು ಹೇಳಿದಾಗ ನನಗೂ ಬೇಕು ಅನಿಸಿತು. ನೀವು ಸಂಜೆಗೆ ಮನೆಗೆ ಬರಬೇಕು ಅನಿಸಿತು. ತಾಳಿಯ ಪಕ್ಕದ ಎರಡು ಚಿನ್ನದ ಗುಂಡುಗಳಲ್ಲಿ ಒಂದನ್ನು ಬಿಚ್ಚಿ, ಕೈ ಡ್ರಿಲ್ಲಿನಿಂದ ತೂತು ಕೊರೆದು ಒಳಗಿಟ್ಟು, ಎಂ-ಸೀಲ್ ತುಂಬಿ, ಉಜ್ಜಿ, ಮೇಲೆ ನಿಮ್ಮದೇ ಮಾರ್ಕರಿನಿಂದ ಕಪ್ಪು ಮಾಡಿದೆ. ನಿಮ್ಮ ಸಹಿಯ ಕೆಳಗಿನ ಎರಡು ಚುಕ್ಕೆಗಳಲ್ಲಿ ಬಲಗಡೆಯದು ನೀವು ಇಟ್ಟ ಚುಕ್ಕೆಯಲ್ಲ. ಉಗುರಿನಿಂದ ಕೆರೆದು ನೋಡಿ.

ಒಂದು ಗ್ರಾಂ ಏನು ಮಾಡೀತು ಅಂದುಕೊಂಡೆ. ಪಂಪಿನ ಇಂಪೆಲ್ಲರಿನಲ್ಲಿ ಯಾರಾದರೂ ಹಾಗೆ ಅಂದರೆ ಅಂಗಡಿಯಿಂದ ಆಚೆಗೆ ಕಳಿಸುತ್ತಿದ್ದೆ. ಇಲ್ಲಿಗೆ ಬಂದ ಮೇಲೆ ಲೆಕ್ಕ ಹಾಕಿದೆ. ಎಲೆಯ ತುದಿಯಿಂದ ಒಂದು ಗೇಣು ಒಳಗೆ, ನಿಮಿಷಕ್ಕೆ ಎರಡು ಸಾವಿರದ ಆರುನೂರು ಸುತ್ತಿನಲ್ಲಿ ಆ ಒಂದು ಗ್ರಾಂ ನಾಲ್ಕು ಕೇಜಿಯ ಹಾಗೆ ಎಳೆಯುತ್ತದೆ, ಪ್ರತಿ ಸುತ್ತಿಗೂ.

ಆಗಸ್ಟ್ ಹದಿನೈದರಂದು ನಡುಕ ನೋಡಿದ ಕೂಡಲೇ ನನಗೆ ತಿಳಿದುಹೋಯಿತು. ಹೇಳಬೇಕೆಂದೇ ಜನರ ನಡುವಿನಿಂದ ನಿಮ್ಮ ಹತ್ತಿರ ಬಂದೆ. ಬಾಯಿ ತೆರೆಯುವಷ್ಟರಲ್ಲಿ ನೀವು ಹೆಣ್ಮಕ್ಕಳ ಕೈ, ಕಬ್ಬಿಣ ಅಂದಿರಿ. ತೆರೆದ ಬಾಯಿ ಮುಚ್ಚಿತು. ನನ್ನ ಕೈಯದೇ ತಪ್ಪು ಎಂದದ್ದು ಸರಿಯೇ ಇತ್ತು, ಅದೇ ನನಗೆ ತಡೆಯಲಾಗಲಿಲ್ಲ. ನಿಮ್ಮ ಬಾಯಲ್ಲಿ ನಿಜ ಬಂದ ಒಂದೇ ಸಲ, ಅದೂ ತಪ್ಪು ಕಾರಣಕ್ಕೆ.

ನಿಮ್ಮ ಮೇಲಿನ ಕೋಪವೂ ಒಂದಿದೆ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಕೂದಲಿನ ದಪ್ಪದ ಸಾವಿರದಲ್ಲಿ ಒಂದು ಪಾಲನ್ನು ಅಳೆಯುವ ನಿಮಗೆ, ಹೆಂಡತಿಯ ಕೊರಳಿನಲ್ಲಿ ಎರಡು ಗುಂಡಿನ ಜಾಗದಲ್ಲಿ ಒಂದೇ ಇರುವುದು ಹತ್ತು ತಿಂಗಳು ಒಂದೇ ಮನೆಯಲ್ಲಿದ್ದರೂ ಕಾಣಲಿಲ್ಲ. ಅಪ್ಪನಿಗೆ ಬಂದ ಮೊದಲ ದಿನವೇ ಕಂಡಿತು.

ಈಗ ಗಮನವಿಟ್ಟು ಓದಿ. ಆ ಗುಂಡನ್ನು ತೆಗೆಯಲು ಹೋಗಬೇಡಿ. ಎಂ-ಸೀಲ್ ಕಿತ್ತರೆ ಮರ ಸೀಳುತ್ತದೆ. ಈ ಕವರಿನಲ್ಲಿ ಹತ್ತಿಯಲ್ಲಿ ಸುತ್ತಿದ ಸಣ್ಣ ಪೊಟ್ಟಣ ಇದೆ, ಒಳಗಿನದು ಉರುಳದಂತೆ ಬಿಚ್ಚಿ. ಅದರಲ್ಲಿರುವುದು ಇನ್ನೊಂದು ಗುಂಡು. ಅಕ್ಕಸಾಲಿಯ ತಕ್ಕಡಿಯಲ್ಲಿ ಜೋಡಿಯಾಗಿ ತೂಗಿ ಮಾಡಿಸಿದವು, ಎರಡೂ ಒಂದೇ ತೂಕ. ಎದುರಿನ ಎಲೆಯಲ್ಲಿ ಅದೇ ದೂರಕ್ಕೆ, ಅಷ್ಟೇ ಆಳಕ್ಕೆ ಕೊರೆದು ಕೂರಿಸಿ, ಅಷ್ಟೇ ಎಂ-ಸೀಲ್ ತುಂಬಿ, ಬಾಗಿಲು ಮುಚ್ಚಿ ಮತ್ತೆ ತೂಗಿ. ತೂಕ ಸರಿಬಂದ ಮೇಲೆ ಆ ವ್ಯಾನಿನ ಎಂಜಿನ್ನಿನಿಂದ ಕೋಳಿಯನ್ನು ಎಬ್ಬಿಸಿ. ನಾಣ್ಯ ನಿಲ್ಲಿಸಿ ನೋಡಿ. ನಿಲ್ಲುತ್ತದೆ.

ನಿಮ್ಮ ನಂಬರಿನ ಬ್ಲಾಕ್ ತೆಗೆದಿದ್ದೇನೆ. ನಾಣ್ಯ ನಿಂತರೆ ಫೋನ್ ಮಾಡಿ, ಹಬ್ಬಕ್ಕೆ ಯಾವ ಮನೆ ಎಂದು ಚಂದನಾಗೆ ನಾನು ಹೇಳಬೇಕು. ನನ್ನ ಕೊರಳಿನಲ್ಲಿ ಈಗ ತಾಳಿ ಮತ್ತು ಕರಿಮಣಿ ಮಾತ್ರ ಇವೆ. ಎರಡು ಗುಂಡೂ ನಿಮ್ಮ ಜೊತೆ ಮೇಲೆ ಹೋಗುತ್ತವೆ. ಸಂಜೆಯ ಒಳಗೆ ಎರಡನ್ನೂ ಕೆಳಗೆ ಇಳಿಸಿಕೊಂಡು ಬನ್ನಿ.